ಅಡುಗೆಮನೆ ಬಾಗಿಲಿನ ಗೆರೆ

ಪ್ರೀತಿಯ ಟೀಚರ್,

ರಜೆಯಲ್ಲಿ ಓದಲು ನೀವು ಕೊಟ್ಟ ಕಾದಂಬರಿಯನ್ನು ಕೊನೆಯ ಅಧ್ಯಾಯದ ಹತ್ತಿರ ನಿಲ್ಲಿಸಿದ್ದೇನೆ. ಸೋಮಾರಿತನ ಅಂದುಕೊಳ್ಳಬೇಡಿ. ಅದರಲ್ಲಿ ಬರುವ ಹುಡುಗಿ ಮೊದಲ ಪುಟದಲ್ಲಿ ನನ್ನಷ್ಟೇ ಕುಳ್ಳಿ. ಪುಟ ತಿರುವಿದ ಹಾಗೆಲ್ಲ ಬೆಳೆಯುತ್ತಾಳೆ.

ಪ್ರತಿ ಬೇಸಿಗೆಯಲ್ಲೂ ಅಮ್ಮ ನನ್ನನ್ನು ಅಡುಗೆಮನೆ ಬಾಗಿಲಿಗೆ ಒರಗಿಸಿ ನಿಲ್ಲಿಸಿ, ತಲೆಯ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆಯುತ್ತಾರೆ. ಈ ಸಲ ಗೆರೆಯನ್ನು ನನ್ನ ತಲೆಗಿಂತ ಒಂದು ಗೇಣು ಮೇಲೆ ಎಳೆದರು.

"ಒಂದೇ ಬೇಸಿಗೆಗೆ ಎಷ್ಟು ಉದ್ದ ಆಗ್ಬಿಟ್ಟೆ ಕಣೇ," ಅಂದರು.

"ನಾನು ಇಲ್ಲಿ ಕೆಳಗಿದೀನಮ್ಮ," ಅಂದೆ.

ಅವರು ಆ ಗೆರೆಯ ಕಡೆಗೇ ನೋಡಿ ನಕ್ಕರು. ಆಮೇಲೆ ನನ್ನ ಯೂನಿಫಾರ್ಮ್ ಲಂಗದ ಅಂಚು ಬಿಚ್ಚಿ ಉದ್ದ ಮಾಡಿದರು. ನಾನು ಹಾಕಿಕೊಂಡರೆ ಅದು ನೆಲ ಗುಡಿಸುತ್ತದೆ.

ಅಂದಿನಿಂದ ಪುಸ್ತಕ ಮುಟ್ಟಿಲ್ಲ. ಆದರೂ ಗುರುತಿಗೆ ಇಟ್ಟ ಹೇರ್‌ಪಿನ್ ದಿನಾ ಒಂದೊಂದು ಹಾಳೆ ಮುಂದೆ ಸರಿಯುತ್ತಿದೆ. ಇನ್ನು ಸ್ವಲ್ಪವೇ ಉಳಿದಿದೆ.

ಶಾಲೆ ತೆರೆದ ದಿನ ಪುಸ್ತಕ ವಾಪಸು ಕೊಡಲು ಅದರಲ್ಲಿ ಬೆಳೆದ ಹುಡುಗಿಯೇ ಬರುತ್ತಾಳೆ. ನನ್ನ ಹೆಸರು ಕೂಗಿದಾಗ ಅವಳೇ ಹಾಜರಿ ಹೇಳುತ್ತಾಳೆ. ಅವಳನ್ನು ಬೈಯಬೇಡಿ, ಅಮ್ಮನಿಗೆ ಅವಳೆಂದರೆ ಇಷ್ಟ. ಉದ್ದ ಇರುವುದರಿಂದ ಹಿಂದಿನ ಬೆಂಚಿಗೆ ಹೋಗುತ್ತಾಳೆ. ಮೊದಲ ಬೆಂಚಿನಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಮಾತ್ರ ದಯವಿಟ್ಟು ಯಾರನ್ನೂ ಕೂರಿಸಬೇಡಿ. ಖಾಲಿ ಕಂಡರೂ ನಾನು ಅಲ್ಲೇ ಕೂತಿರುತ್ತೇನೆ.

ಇಂತಿ,
ನೀವು ಗುಬ್ಬಿ ಎಂದು ಕರೆಯುತ್ತಿದ್ದವಳು