ಎದುರಿಗೆ ಬಂದು ನಿಂತವನಿಗೆ

ಸುಧಾಕರ,

ಇವತ್ತು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನೀನು ನನ್ನೆದುರು ನಿಂತಿದ್ದೆಯಂತೆ.

ನನ್ನ ಎಡಗಣ್ಣು ಹುಟ್ಟಿನಿಂದ ಮಂಜೆಂದು ನಿನಗೆ ಗೊತ್ತು. ಹೋದ ವರ್ಷ ಬಲಗಣ್ಣಿನ ಒಳಪರದೆಯ ರಕ್ತನಾಳ ಕಟ್ಟಿಕೊಂಡಿತು. ಅದು ನಿನಗೆ ಗೊತ್ತಿಲ್ಲ. ಕಣ್ಣಿನೊಳಗೇ ಇಂಜೆಕ್ಷನ್ ಕೊಟ್ಟರು. ಇವತ್ತು ಸ್ಕ್ಯಾನ್ ನೋಡಿದ ಡಾಕ್ಟರು, ‘ಊತ ಪೂರ್ತಿ ಇಳಿದಿದೆ. ಆದರೆ ನೋಟ ಇನ್ನು ಇಷ್ಟೇ’ ಎಂದರು. ದಾರಿ ಕಾಣುತ್ತದೆ, ಜನ ಕಾಣುತ್ತಾರೆ. ನೇರ ನೋಡಿದರೆ ಮುಖವಿರುವಲ್ಲಿ ಮಾತ್ರ ಮಸಿ ಬಳಿದಂತಿರುತ್ತದೆ.

ನನ್ನಾಕೆ ಗಿರಿಜ ಔಷಧಿ ತರಲು ಹೋಗಿದ್ದಳು. ಯಾರೋ ಬಂದು ಎದುರಿಗೆ ನಿಂತರು. ಕೂರಲು ಬಂದವರೆಂದು ನಾನು ಬೆಂಚಿನಲ್ಲಿ ಸರಿದು ಜಾಗ ಬಿಟ್ಟೆ. ಅವರು ಸ್ವಲ್ಪ ಹೊತ್ತು ನಿಂತು ಹೊರಟುಹೋದರು.

ಗಿರಿಜ ಓಡಿಬಂದಳು. ‘ಹ್ವಾಯ್, ಅದ್ ಸುಧಾಕರಣ್ಣ ಅಲ್ದಾ? ನೀವ್ ಎಂತಕೆ ಮಾತಾಡ್ಸ್ಲಿಲ್ಲೆ?’

ಎದ್ದು ನಿನ್ನ ಹೆಸರು ಹಿಡಿದು ಕೂಗಿದೆ. ಅಷ್ಟರಲ್ಲಿ ನೀನು ಹತ್ತಿದ ಮುಂಬೈ ಬಸ್ಸು ಹೊರಟಿತ್ತು.

ಅಲ್ಲಿನ ನಿನ್ನ ವಿಳಾಸ ಯಾರಿಗೂ ಗೊತ್ತಿಲ್ಲ. ಆದರೂ ಕೈಯಂದಾಜಿನಲ್ಲಿ ಬರೆಯುತ್ತಿದ್ದೇನೆ. ನಾವಿಬ್ಬರೂ ಸೇರಿ ನಡೆಸುತ್ತಿದ್ದ ದೋಣಿ ಪಾಲಾದ ದಿನ ಜಗಳವಾಡಿ, ‘ನೀ ಮಾತಾಡ್ಸುವರೆಗೆ ನಾ ಮಾತಾಡುದಿಲ್ಲೆ’ ಎಂದು ಹೋದವನು ನೀನು. ಇವತ್ತು ಅಷ್ಟು ಹತ್ತಿರ ಬಂದು ಕಾದಿದ್ದೀಯ.

ಒಂದು ಸಲ ಕೆಮ್ಮಿದ್ದರೂ ಸಾಕಿತ್ತು ಮಾರಾಯ, ನನಗೆ ಗುರುತು ಸಿಗುತ್ತಿತ್ತು.