ಬಾಗಿಲಿಗೆ ಬೇಕಾದ ಎರಡು ಸ್ಕ್ರೂ

ಮಾನ್ಯ ಕಾರ್ಖಾನೆ ಸುರಕ್ಷತಾ ಪರಿವೀಕ್ಷಕರೇ,

ಈಗ ಸಂಜೆ ಐದೂಮುಕ್ಕಾಲು. ಬೆಳಿಗ್ಗೆ ಯಂತ್ರ ಒರೆಸಿದೆ, ಮಧ್ಯಾಹ್ನ ಮೇಸ್ತ್ರಿಯಿಂದ ಬೈಸಿಕೊಂಡೆ, ನಾಲ್ಕು ಗಂಟೆಗೆ ಅಕ್ಕನ ಮನೆಯಲ್ಲಿ ಕೂತು ನಿಮ್ಮ ವರದಿಯನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ಇವತ್ತು ನಡೆದದ್ದು ಇಷ್ಟು. ನನ್ನ ಭಾವ, ಅಂದರೆ ಅಕ್ಕನ ಗಂಡ, "ಸ್ವಂತ ಅಜಾಗರೂಕತೆಯಿಂದ" ಸತ್ತರು ಎಂದು ವರದಿಯಲ್ಲಿದೆ. ಅದು ಸುಳ್ಳು. ಆ ಸುಳ್ಳನ್ನು ನಂಬಿಕೊಂಡು ನಾಳೆ ಬೆಳಿಗ್ಗೆ ಆರು ಗಂಟೆಗೆ ಅದೇ ಯಂತ್ರವನ್ನು, ಅದೇ ಸ್ಥಿತಿಯಲ್ಲಿ, ಮತ್ತೆ ಶುರು ಮಾಡುತ್ತಾರೆ. ಅದಕ್ಕೇ ಈ ಪತ್ರ.

ಲಕೋಟೆಯಲ್ಲಿಟ್ಟು ಕಳಿಸಬಹುದಿತ್ತು. ಆದರೆ ಲಕೋಟೆಗೆ ನಿಮ್ಮಲ್ಲಿ ಒಂದು ನಂಬರು ಬೀಳುತ್ತದೆ, ಆಮೇಲೆ ಅದು ಕಡತದೊಳಗೆ ಹೋಗಿ ಮಲಗುತ್ತದೆ. ನನಗೆ ಬೆಳಿಗ್ಗೆ ಆರರವರೆಗೆ ಮಾತ್ರ ಸಮಯವಿದೆ. ಹಾಗಾಗಿ ಮೂರು ಪ್ರತಿ ಬರೆಯುತ್ತಿದ್ದೇನೆ. ಒಂದನ್ನು ನಿಮ್ಮ ಕಚೇರಿಯ ಬಾಗಿಲಿಗೆ, ಒಂದನ್ನು ಕಾರ್ಖಾನೆಯ ಗೇಟಿಗೆ, ಇನ್ನೊಂದನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸುತ್ತೇನೆ. ನಾನು ಓದಿರುವುದು ಏಳನೇ ತರಗತಿ. ಹನ್ನೊಂದು ವರ್ಷದಿಂದ ದಿನಚರಿ ಬರೆಯುತ್ತಿರುವುದರಿಂದ ಅಕ್ಷರ ಕೈಬಿಟ್ಟಿಲ್ಲ. ಭಾವ ನನ್ನನ್ನು "ಗುಮಾಸ್ತ" ಎಂದೇ ಕರೆಯುತ್ತಿದ್ದರು.

ಬಸ್ಸಿಗೆ ಕಾಯುತ್ತ ಇದನ್ನು ಓದುವವರಿಗೆ ಆ ಯಂತ್ರ ಎಂಥದು ಎಂದು ಹೇಳಬೇಕು. ನಿಮಗೂ ಹೇಳಿದರೆ ನಷ್ಟವಿಲ್ಲ. ಆರು ಟನ್ ತೂಕದ ತಗಡಿನ ಸುರುಳಿ ಬರುತ್ತದೆ. ನಾವು ಕಾಯಿಲ್ ಅನ್ನುತ್ತೇವೆ. ಅದನ್ನು ಒಂದು ತುದಿಯಲ್ಲಿ ಏರಿಸಿದರೆ ಬಿಚ್ಚಿಕೊಳ್ಳುತ್ತ ರೋಲರುಗಳ ನಡುವೆ ಹಾದು ನೆಟ್ಟಗಾಗುತ್ತದೆ. ತಗಡಿನ ಮೇಲೆ ಒಂದು ಪುಟ್ಟ ಚಕ್ರ ಉರುಳುತ್ತ ಎಷ್ಟು ಉದ್ದ ಬಂತು ಎಂದು ಎಣಿಸುತ್ತದೆ. ಹೇಳಿದ ಅಳತೆ ಬಂದ ಕೂಡಲೇ ಆಳುದ್ದದ ಬ್ಲೇಡು ಇಳಿದು ಕತ್ತರಿಸುತ್ತದೆ. ಆಚೆ ತುದಿಯಲ್ಲಿ ಶೀಟುಗಳು ಒಂದರ ಮೇಲೊಂದು ಬೀಳುತ್ತವೆ. ನಿಮಿಷಕ್ಕೆ ಹದಿನೆಂಟು.

ಇಂಥ ಯಂತ್ರವನ್ನು ಭಾವ ಹದಿನಾಲ್ಕು ವರ್ಷ ಸೆಟ್ಟಿಂಗ್ ಮಾಡಿದರು. ನನ್ನನ್ನು ಕೆಲಸಕ್ಕೆ ಸೇರಿಸಿ ಎದುರು ನಿಲ್ಲಿಸಿಕೊಂಡು ಹೇಳಿದ ಮೊದಲ ಮಾತು ನನ್ನ ದಿನಚರಿಯಲ್ಲಿದೆ: "ಕಾಯಿಲ್ ಅಂದ್ರೆ ಸುತ್ತಿಟ್ಟ ಸಿಟ್ಟು ಕಣೋ. ಮೊದಲು ಮೇಲಿನ ತೋಳು ಇಳಿಸಿ ಅದನ್ನ ಅದುಮಿಡು. ಆಮೇಲೆ ಸುತ್ತ ಬಿಗಿದಿರೋ ಪಟ್ಟಿ ಕತ್ತರಿಸು. ಅದೂ ಪಕ್ಕದಲ್ಲಿ ನಿಂತು. ಎದುರಿಗೆ ನಿಂತ್ಯೋ, ನಿನ್ನಕ್ಕನಿಗೆ ನಾನು ಮುಖ ತೋರಿಸೋ ಹಾಗಿಲ್ಲ." ತಗಡಿನ ತುದಿಯನ್ನು ರೋಲರಿಗೆ ಕೊಡುವಾಗ ಗುಂಡಿಯನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು, ಗೇಣುಗೇಣಾಗಿ ಸರಿಸುತ್ತಿದ್ದರು. ತಗಡಿನ ದಪ್ಪ ಬದಲಾದಾಗಲೆಲ್ಲ ಬ್ಲೇಡಿನ ಸಂದನ್ನು ಹೊಸದಾಗಿ ಹೊಂದಿಸುತ್ತಿದ್ದರು. ಬ್ಲೇಡಿನ ಕೆಳಗೆ ಕೈ ಹಾಕುವ ಮುನ್ನ ಅದು ಇಳಿಯದಂತೆ ಉಕ್ಕಿನ ದಿಮ್ಮಿ ಕೊಡುತ್ತಿದ್ದರು. ಮೊದಲ ಶೀಟನ್ನು ನಾಲ್ಕೂ ಅಂಚು ಅಳೆದು, ಮೂಲೆಯಿಂದ ಮೂಲೆಗೂ ಅಳೆದು, ಸರಿ ಎನಿಸಿದ ಮೇಲೆಯೇ "ಬಿಡು" ಅನ್ನುತ್ತಿದ್ದರು. ಇವರು ಅಜಾಗರೂಕರು. ಹೀಗೆಂದು ಬರೆಯಲು ನಿಮಗೆ ಒಂದೂವರೆ ಪುಟ ಸಾಕಾಯಿತು.

ಈಗ ಬಾಗಿಲಿನ ವಿಷಯ. ಬ್ಲೇಡಿನ ಮತ್ತು ಅದರ ಹಿಂದಿರುವ ಅಳತೆ ಚಕ್ರದ ಸುತ್ತ ಎದೆಮಟ್ಟದ ಜಾಲರಿ, ಅದಕ್ಕೊಂದು ಬಾಗಿಲು. ಬಾಗಿಲ ಅಂಚಿನಲ್ಲಿ ಬೆರಳುದ್ದದ ಉಕ್ಕಿನ ನಾಲಿಗೆ, ಚೌಕಟ್ಟಿನಲ್ಲಿ ಒಂದು ಸ್ವಿಚ್ಚು. ಬಾಗಿಲು ಮುಚ್ಚಿದರೆ ನಾಲಿಗೆ ಸ್ವಿಚ್ಚಿನೊಳಗೆ ಕೂರುತ್ತದೆ, ಆಗ ಮಾತ್ರ ಯಂತ್ರ ಓಡುತ್ತದೆ. ತೆರೆದರೆ ನಿಲ್ಲುತ್ತದೆ. ಯಂತ್ರ ಮಾಡಿದವನು ಬುದ್ಧಿವಂತ. ಆದರೆ ಹೀಗೆ ನಿಂತಾಗಲೆಲ್ಲ ಅಳತೆ ಸೊನ್ನೆಯಿಂದ ಶುರುವಾಗಬೇಕು, ಅದಕ್ಕೆ ಏಳು ನಿಮಿಷ ಬೇಕು. ಎರಡು ವರ್ಷದ ಹಿಂದೆ ಮೇಸ್ತ್ರಿ ಹೇಳಿದರು, ಫಿಟ್ಟರ್ ಎರಡು ಸ್ಕ್ರೂ ಬಿಚ್ಚಿ ನಾಲಿಗೆಯನ್ನು ಬಾಗಿಲಿನಿಂದ ತೆಗೆದು ಸ್ವಿಚ್ಚಿಗೇ ಸಿಕ್ಕಿಸಿಬಿಟ್ಟ. ಅಂದಿನಿಂದ ಬಾಗಿಲು ತೆರೆದಿದ್ದರೂ ಮುಚ್ಚಿದೆ ಎಂದೇ ಯಂತ್ರದ ನಂಬಿಕೆ. ನಾವು ಆ ನಾಲಿಗೆಗೆ "ಮನೆಯಳಿಯ" ಎಂದು ಹೆಸರಿಟ್ಟೆವು. ಬಂದ, ಕೂತ, ಏಳಲೇ ಇಲ್ಲ. ಭಾವ ನಗುತ್ತಿದ್ದರು: "ನಿಮ್ಮಪ್ಪ ಎಷ್ಟು ಕರೆದ್ರೂ ನಾನು ಮನೆಯಳಿಯ ಆಗ್ಲಿಲ್ಲ. ಇವನು ನೋಡು, ಕರೀದೇ ಬಂದು ಕೂತ." ನಾವೂ ನಕ್ಕೆವು. ಆ ನಗುವಿನಲ್ಲಿ ನನ್ನ ಪಾಲೂ ಇದೆ ಎಂದು ಬರೆದುಕೊಳ್ಳಿ.

ಸ್ವಿಚ್ಚು ಸತ್ತಮೇಲೆ ನಾವೇ ಒಂದು ಪದ್ಧತಿ ಮಾಡಿಕೊಂಡೆವು. ಯಂತ್ರ ನಡೆಸುವ ಗುಂಡಿಗಳಿರುವ ಪ್ಯಾನೆಲ್ಲಿನ ಬಳಿ ನಿಂತವನಿಗೆ ಬ್ಲೇಡಿನ ಹಿಂಬದಿ ಕಾಣುವುದಿಲ್ಲ. ಕಬ್ಬಿಣದ ದೊಡ್ಡ ಪೆಟ್ಟಿಗೆ ಅಡ್ಡ. ಹಾಗಾಗಿ ಒಳಗೆ ಹೋಗುವವನು ತನ್ನ ನೀಲಿ ಟೋಪಿಯನ್ನು ಪ್ಯಾನೆಲ್ಲಿನ ಕೊಕ್ಕೆಗೆ ತೂಗುಹಾಕಿ ಹೋಗಬೇಕು. ಟೋಪಿ ಇದ್ದಷ್ಟು ಹೊತ್ತು ಯಾರೂ ಯಂತ್ರ ಶುರುಮಾಡುವ ಹಸಿರು ಗುಂಡಿ ಮುಟ್ಟಬಾರದು. ಹೊರಗೆ ಬಂದವನು ತನ್ನ ಟೋಪಿಯನ್ನು ತಾನೇ ತೆಗೆದುಕೊಳ್ಳಬೇಕು. ಎರಡು ವರ್ಷ ಒಬ್ಬರೂ ಇದನ್ನು ಮುರಿಯಲಿಲ್ಲ. ನಿಮ್ಮ ನಿಯಮಾವಳಿಗಿಂತ ಆ ಟೋಪಿಗೆ ಹೆಚ್ಚು ಮರ್ಯಾದೆ ಇತ್ತು.

ನೀವು ಬಂದಿದ್ದಿರಿ, ನೆನಪಿದೆಯೇ? ದುರ್ಘಟನೆಗೆ ಮೂರು ತಿಂಗಳ ಮುಂಚೆ, ಒಂದು ಮಂಗಳವಾರ. ನನ್ನ ದಿನಚರಿಯಲ್ಲಿ ಹೀಗಿದೆ: "ಸಾಹೇಬರು ಬಂದರು. ಹಳದಿ ಗೆರೆಯ ಆಚೆ ನಿಂತರು. ಶಬ್ದ ಜಾಸ್ತಿ ಅಂದರು. ಹಾಳೆಯಲ್ಲಿ ಗುರುತು ಹಾಕಿದರು. ಹೋದರು. ಒಟ್ಟು ನಾಲ್ಕು ನಿಮಿಷ." ಆ ಹಾಳೆಯ ನಕಲು ವರದಿಯ ಜೊತೆಗೇ ಅಕ್ಕನಿಗೆ ಬಂದಿದೆ. ಹದಿನಾಲ್ಕನೇ ಪ್ರಶ್ನೆ: ಕಾವಲು ಬಾಗಿಲು ತೆರೆದಾಗ ಯಂತ್ರ ನಿಲ್ಲುತ್ತದೆಯೇ? ಉತ್ತರ: ಹೌದು. ಯಾರು ತೆರೆದು ನೋಡಿದರು, ಮಾನ್ಯರೇ? ನೀವು ನಿಂತ ಜಾಗದಿಂದ ಬಾಗಿಲಿಗೆ ಆರು ಹೆಜ್ಜೆ. ನೀವು ಹೋದ ಮೇಲೆ ಭಾವ ಪ್ಯಾನೆಲ್ಲಿಗೆ ಒರಗಿಕೊಂಡು ಹೇಳಿದ್ದು ಇದು: "ಬಾಗಿಲು ತೆಗೆದು ನೋಡಿ ಸಾರ್ ಅನ್ನೋಣ ಅಂತ ಬಾಯಿ ತೆರೆದೆ ಕಣೋ. ಅಷ್ಟರಲ್ಲಿ ಅವರು ಪೆನ್ನಿನ ಮುಚ್ಚಳ ಹಾಕಿಬಿಟ್ರು." ಭಾವ ಗಟ್ಟಿಯಾಗಿ ಹೇಳಬೇಕಿತ್ತು. ನಾನೂ ಹೇಳಬೇಕಿತ್ತು. ನಾವು ಹೇಳಲಿಲ್ಲ, ನೀವು ಕೇಳಲಿಲ್ಲ. ಆದರೆ ಕೇಳುವ ಕೆಲಸಕ್ಕೆ ಸಂಬಳ ಬರುತ್ತಿದ್ದುದು ನಿಮಗೆ.

ಇನ್ನು ಆ ದಿನದ್ದು. ಇಪ್ಪತ್ತೆರಡು ದಿನದ ಹಿಂದೆ, ಬೆಳಿಗ್ಗೆ. ಹೊಸ ಕಾಯಿಲ್ ಏರಿಸಿದೆವು, ಮೈತುಂಬ ಎಣ್ಣೆ. ಮೊದಲ ಶೀಟು ಆರು ಮಿಲಿಮೀಟರ್ ಉದ್ದ ಬಂತು. ಭಾವ ಟೇಪು ಸುತ್ತಿಕೊಳ್ಳುತ್ತ, "ಎಣ್ಣೆಗೆ ಚಕ್ರ ಜಾರ್ತಿದೆ. ಒರೆಸಿ ಬರ್ತೀನಿ. ನೀನು ಅಳತೆ ಬರೆದಿಡು ಗುಮಾಸ್ತ" ಅಂದರು. ಟೋಪಿ ಕೊಕ್ಕೆಗೆ ಹಾಕಿ ಒಳಗೆ ಹೋದರು. ನಾನು ಹತ್ತು ಮಾರು ದೂರದ ಮೇಜಿನ ಬಳಿ ಹೋಗಿ ಪುಸ್ತಕದಲ್ಲಿ ಬರೆದೆ. ಸ್ಟೋರಿನಲ್ಲಿ ಒರೆಸುವ ಬಟ್ಟೆ ಮುಗಿದು ನಾಲ್ಕು ದಿನವಾಗಿತ್ತು. ಒಳಗೆ ಹೋದ ಮೇಲೆ ಅವರಿಗೆ ಅದು ನೆನಪಾಗಿರಬೇಕು. ಹೊರಗೆ ಬಂದು, ಕೊಕ್ಕೆಯ ಟೋಪಿಯನ್ನೇ ತೆಗೆದುಕೊಂಡು, ಅದರಿಂದ ಚಕ್ರ ಒರೆಸಲು ಮತ್ತೆ ಒಳಗೆ ಹೋಗಿದ್ದಾರೆ. ನಾನು ವಾಪಸು ಬಂದಾಗ ಕೊಕ್ಕೆ ಖಾಲಿ. ಟೋಪಿ ಇಲ್ಲ, ಅಂದರೆ ಮನುಷ್ಯ ಹೊರಗಿದ್ದಾನೆ. "ಭಾವಾ, ಬಿಡ್ಲಾ?" ಅಂದೆ. ಉತ್ತರ ಬರಲಿಲ್ಲ. ಉತ್ತರ ಬರಬೇಕು ಎಂದು ನಮ್ಮ ಪದ್ಧತಿಯಲ್ಲಿ ಇರಲಿಲ್ಲ. ಟೋಪಿಯೇ ಉತ್ತರ.

ಹಸಿರು ಗುಂಡಿ ಒತ್ತಿದೆ. ತಗಡು ಮುಂದಕ್ಕೆ ಓಡಿತು. ಬ್ಲೇಡು ಇಳಿಯಿತು. ಹತ್ತು ಗಂಟೆ ಇಪ್ಪತ್ತು ನಿಮಿಷ. ಇದಕ್ಕಿಂತ ಹೆಚ್ಚು ನಾನು ದಿನಚರಿಯಲ್ಲೂ ಬರೆದಿಲ್ಲ.

ಶಬ್ದ ಬೇರೆಯಾಗಿ ಕೇಳಿದ್ದಕ್ಕೆ ಕೆಂಪು ಗುಂಡಿ ಒತ್ತಿದೆ, ಯಂತ್ರ ಆ ಕ್ಷಣವೇ ನಿಂತಿತು. ನಿಮ್ಮ ವರದಿ ಅದನ್ನು ಮರೆತಿಲ್ಲ: "ತುರ್ತು ನಿಲುಗಡೆ ವ್ಯವಸ್ಥೆ ಸಮರ್ಪಕವಾಗಿದೆ." ಸಂತೋಷ. ಆದರೆ ಅದಕ್ಕೆ ಮುಂಚಿನ ವಾಕ್ಯ ಹೀಗಿದೆ: "ಯಂತ್ರವು ಚಾಲನೆಗೊಂಡ ಸಂದರ್ಭದಲ್ಲಿ ಮೃತರು ಅಜಾಗರೂಕತೆಯಿಂದ ಅಪಾಯ ವಲಯದಲ್ಲಿದ್ದರು." ಯಂತ್ರ ತಾನಾಗಿ ಚಾಲನೆಗೊಳ್ಳಲಿಲ್ಲ, ಮಾನ್ಯರೇ. ನಾನು ಒತ್ತಿದೆ. ನನ್ನ ಬಲಗೈಯ ತೋರುಬೆರಳು. ನೀವು ನನ್ನನ್ನು ಹನ್ನೆರಡು ಪ್ರಶ್ನೆ ಕೇಳಿದಿರಿ: ಹೆಲ್ಮೆಟ್ ಇತ್ತೇ, ಬೂಟು ಇತ್ತೇ, ತರಬೇತಿ ಆಗಿತ್ತೇ. ಒತ್ತಿದ್ದು ಯಾರು ಎಂದು ಒಮ್ಮೆಯೂ ಕೇಳಲಿಲ್ಲ. ಯಾಕೆಂದರೆ ಅದನ್ನು ಕೇಳಿದರೆ ಮುಂದಿನ ಪ್ರಶ್ನೆ ಬರುತ್ತದೆ: ಬಾಗಿಲು ತೆರೆದಿದ್ದರೂ ಒತ್ತಿದ ಗುಂಡಿ ಕೆಲಸ ಮಾಡಿದ್ದು ಹೇಗೆ? ಅದರ ಮುಂದಿನ ಪ್ರಶ್ನೆ ನಿಮ್ಮ ಹದಿನಾಲ್ಕನೇ ಗುರುತಿಗೆ ಹೋಗಿ ನಿಲ್ಲುತ್ತದೆ. ಸತ್ತವರ ಮೇಲೆ ಹಾಕಿದರೆ ಯಾವ ಪ್ರಶ್ನೆಯೂ ಮುಂದಕ್ಕೆ ಹೋಗುವುದಿಲ್ಲ.

ವರದಿಯ ಕೊನೆಯಲ್ಲಿ ಒಂದು ಶಿಫಾರಸು: ಎಚ್ಚರಿಕೆ ಫಲಕ ಅಳವಡಿಸುವುದು. ಅಳವಡಿಸಿದ್ದಾರೆ. ಕೆಂಪು ಅಕ್ಷರ, ಹಳದಿ ಹಲಗೆ: "ಜಾಗ್ರತೆ! ಮನೆಯವರು ನಿಮಗಾಗಿ ಕಾಯುತ್ತಿದ್ದಾರೆ." ಅದನ್ನು ಬಿಗಿದಿರುವುದು ಅದೇ ಬಾಗಿಲಿಗೆ, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ ಹಾಕಿ. ನಾಲಿಗೆಯನ್ನು ಮತ್ತೆ ಬಾಗಿಲಿಗೆ ಕೂರಿಸಲು ಬೇಕಾದದ್ದು ಎರಡು.

ಇವತ್ತು ಹನ್ನೊಂದು ಗಂಟೆಗೆ ಆ ಕೆಲಸ ನಾನೇ ಮಾಡಿದೆ. ಮನೆಯಳಿಯನನ್ನು ಸ್ವಿಚ್ಚಿನಿಂದ ಎಬ್ಬಿಸಿ, ಎರಡು ಸ್ಕ್ರೂ ಹಾಕಿ ಬಾಗಿಲಿಗೆ ಕೂರಿಸಿದೆ. ಬಾಗಿಲು ತೆರೆದೆ, ಪ್ಯಾನೆಲ್ಲಿನ ದೀಪ ಆರಿತು. ಎರಡು ವರ್ಷದ ಮೇಲೆ ಆರಿತು. ಊಟ ಮುಗಿಸಿ ಬರುವಷ್ಟರಲ್ಲಿ ಅವನು ಮತ್ತೆ ಸ್ವಿಚ್ಚಿನಲ್ಲಿದ್ದ. ಮೇಸ್ತ್ರಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಏನಯ್ಯಾ, ಹೊಸ ಕಾನೂನು ಮಾಡೋಕೆ ಹೊರಟ್ಯಾ?"

"ಹಳೇದೇ ಸಾರ್. ಯಂತ್ರದ ಜೊತೆ ಬಂದದ್ದು."

"ಸಾಹೇಬ್ರೇ ಸರಿ ಇದೆ ಅಂತ ಬರ್ದು ಕೊಟ್ಟಿದಾರೆ. ನೀನು ಅವರಿಗಿಂತ ದೊಡ್ಡವನಾ? ನಾಳೆಯಿಂದ ಸೆಟ್ಟಿಂಗ್ ನಿಂದು. ಮುಚ್ಕೊಂಡು ಮಾಡು."

ನಿಮ್ಮ ಸಹಿ ಎಷ್ಟು ಗಟ್ಟಿ ನೋಡಿ. ನನ್ನ ಎರಡು ಸ್ಕ್ರೂಗಳನ್ನು ಮೂರು ಗಂಟೆಯೊಳಗೆ ಬಿಚ್ಚಿಹಾಕಿತು.

ಅಲ್ಲಿಂದ ಅಕ್ಕನ ಮನೆಗೆ ಹೋದೆ. ಅಕ್ಕ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ವರದಿ ಮೊದಲ ಸಲ ಓದಿದಾಗ ಹೊಲಿಯುತ್ತಲೇ ಇದ್ದಳು. ಎರಡನೇ ಸಲ "ಅಜಾಗರೂಕತೆ" ಎಂಬಲ್ಲಿಗೆ ಬಂದಾಗ ಯಂತ್ರ ನಿಲ್ಲಿಸಿದಳು.

"ಸೂಜಿಗೆ ದಾರ ಪೋಣಿಸುವಾಗ ಪೆಡಲಿನಿಂದ ಕಾಲು ತೆಗಿ ಅಂತ ನನಗೆ ಹೇಳಿಕೊಟ್ಟೋರೇ ಅವರು ಕಣೋ. ಒಂದು ಲೋಟ ಮೇಜಿನ ಅಂಚಿಗಿಟ್ರೆ ಎದ್ದು ಬಂದು ಒಳಗೆ ಸರಿಸೋರು. ಅವರಿಗಾ ಅಜಾಗರೂಕತೆ?"

ಆಗ ನಾನು, ಇಪ್ಪತ್ತೆರಡು ದಿನದಿಂದ ಮುಚ್ಚಿಟ್ಟುಕೊಂಡದ್ದನ್ನು ಹೇಳಿದೆ. "ಅಕ್ಕಾ, ಗುಂಡಿ ಒತ್ತಿದ್ದು ನಾನು."

ಅವಳು ದಾರದ ತುದಿಯನ್ನು ಹಲ್ಲಿನಿಂದ ಕಡಿದಳು. "ಗೊತ್ತು. ಆವತ್ತಿನಿಂದ ದೀಪದ ಸ್ವಿಚ್ಚನ್ನ ಮೊಣಕೈಲಿ ಹಾಕ್ತಿದೀಯ. ನನಗೆ ಕಣ್ಣಿಲ್ವಾ?"

ಅವಳು ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಹೊಲಿಯುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟು ಕೇಳಿದಳು: "ನಾಳೆ ಒಳಗೆ ಹೋಗೋರ್ಯಾರು?"

"ನಾನು."

"ಗುಂಡಿ ಹತ್ರ?"

"ಕಾರ್ಖಾನೆಯ ಪ್ರೆಸ್ ವಿಭಾಗದಿಂದ ಒಬ್ಬರನ್ನ ಕಳಿಸ್ತಾರಂತೆ. ಈ ಯಂತ್ರ ಅವರಿಗೆ ಹೊಸದು."

"ಹಾಗಾದ್ರೆ ಬರಿ. ಬರೆಯೋ ಕೈ ತಾನೇ ನಿಂದು? ನಿನ್ನದೂ ಬರಿ, ನಿಮ್ಮ ಭಾವಂದೂ ಬರಿ, ಮೇಸ್ತ್ರಿದೂ ಬರಿ, ಆ ಸಾಹೇಬರದೂ ಬರಿ. ಯಾರದನ್ನೂ ಬಿಡಬೇಡ."

ಬರೆದಿದ್ದೇನೆ. ಈಗ ಕೇಳುವುದನ್ನು ಕೇಳುತ್ತೇನೆ. ವರದಿಯಿಂದ ಆ ಒಂದು ಪದ ತೆಗೆಯಿರಿ. ಆ ಜಾಗದಲ್ಲಿ ಗುಂಡಿ ಒತ್ತಿದ್ದು ಯಾರು, ನಾಲಿಗೆ ಬಿಚ್ಚಿಸಿದ್ದು ಯಾರು, ನೋಡದೆ "ಹೌದು" ಎಂದು ಗುರುತು ಹಾಕಿದ್ದು ಯಾರು, ಮೂವರನ್ನೂ ಬರೆಯಿರಿ. ನನಗೆ ಏನು ಶಿಕ್ಷೆ ಇದೆಯೋ ಕೊಡಿ, ತಪ್ಪಿಸಿಕೊಳ್ಳುವುದಿಲ್ಲ. ಆದರೆ ಅದಕ್ಕೂ ಮುಂಚೆ, ನಾಳೆ ಆರು ಗಂಟೆಗೆ ನೀವೇ ಬನ್ನಿ. ಹಳದಿ ಗೆರೆ ದಾಟಿ ಆರು ಹೆಜ್ಜೆ ನಡೆಯಿರಿ. ಯಂತ್ರ ಓಡುತ್ತಿರುವಾಗ ನಿಮ್ಮ ಕೈಯಿಂದಲೇ ಬಾಗಿಲು ತೆರೆಯಿರಿ. ನಿಂತರೆ ಸಹಿ ಹಾಕಿ, ನಿಲ್ಲದಿದ್ದರೆ ಬೀಗಮುದ್ರೆ ಹಾಕಿ. ಒಳಗೆ ಹೋಗುವ ಪ್ರತಿಯೊಬ್ಬನಿಗೂ ಅವನದೇ ಒಂದು ಬೀಗ ಕೊಡಿಸಿ. ಮುಖ್ಯ ಸ್ವಿಚ್ಚು ಇಳಿಸಿ ಬೀಗ ಹಾಕಿ, ಕೀಲಿಯನ್ನು ಅವನು ತನ್ನ ಜೇಬಿನಲ್ಲಿಟ್ಟುಕೊಂಡು ಹೋಗಲಿ. ನಮ್ಮ ಟೋಪಿ ಪದ್ಧತಿಯಲ್ಲಿ ಇದ್ದ ತಪ್ಪು ಇದೊಂದೇ. ಕೈಗೆ ಬಟ್ಟೆ ಸಿಗದಿದ್ದರೆ ಟೋಪಿಯಲ್ಲಿ ಎಣ್ಣೆ ಒರೆಸಬಹುದು. ಬೀಗದಲ್ಲಿ ಒರೆಸಲಾಗುವುದಿಲ್ಲ.

ಕೆಲಸ ಬಿಡಬಹುದಲ್ಲ ಎಂದು ನೀವು ಕೇಳಬಹುದು. ನಾನು ಬಿಟ್ಟರೆ ಒಳಗೆ ಹೋಗುವವನು ಇನ್ನೊಬ್ಬ. ಮನೆಯಳಿಯ ಅಲ್ಲೇ ಇರುತ್ತಾನೆ.

ಇಂತಿ,
ನಿಮ್ಮ ವರದಿಯಲ್ಲಿ ಎಲ್ಲೂ ಇಲ್ಲದ,
ಹಸಿರು ಗುಂಡಿ ಒತ್ತಿದ ಭಾಮೈದ

ನಾಳೆಯ ಮೊದಲ ಅಳತೆ ಎರಡು ಸಾವಿರದ ನಾನೂರು ಮಿಲಿಮೀಟರ್. ಕಾಯಿಲ್ ಇವತ್ತೇ ಏರಿಸಿಟ್ಟಿದ್ದಾರೆ, ಮೈತುಂಬ ಎಣ್ಣೆ ಇದೆ. ಚಕ್ರ ಒರೆಸಲು ಆರೂ ಹತ್ತಕ್ಕೆ ನಾನು ಒಳಗೆ ಹೋಗುತ್ತೇನೆ.