ಹೆಗ್ಗಾಲರ ಬುದ್ಧಿಗೆ ಆರು

ಬೆಟಗೇರಿ
ಶುಕ್ರವಾರ, 21 ನವೆಂಬರ್ 2025

ಶಿವರಂಜನಿಗೆ, ತಲೆ ಎತ್ತಲಾರದವನ ನಮಸ್ಕಾರ.

ಹೆಗ್ಗಾಲರ ಬುದ್ಧಿ ಆರನ್ನು ದಾಟುವಂತಿಲ್ಲ ಎಂದು ನಮ್ಮ ಆಟದ ಪುಸ್ತಕದಲ್ಲಿ ಬರೆದವನು ನಾನು. ಮಲ್ಲು ಅಲ್ಲ. ನಿನ್ನ ಅವ್ವ ಕೇಳಿದಾಗ ಅವನ ಹೆಸರು ಹೇಳಿದೆ. ಅದು ಸುಳ್ಳು. ಆ ಸುಳ್ಳಿಗೆ ಇವತ್ತಿಗೆ ಹನ್ನೆರಡು ದಿನ.

ಇಷ್ಟೇ ಬರೆದು ಚೀಟಿ ಕಳಿಸಬಹುದಿತ್ತು. ಆದರೆ ನನ್ನಂಥವರು ತಪ್ಪು ಒಪ್ಪುವಾಗಲೂ ಭಾಷಣ ಬಿಗಿಯುತ್ತೇವೆ. ಇವತ್ತು ಬಿಗಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಕನ್ನಡದಲ್ಲಿ ಇಂಥದೊಂದು ಆಟ ಆಗಲೇಬೇಕು ಎಂದು ಹಟ ಹಿಡಿದವನು ನಾನು. ಮೇಜಿನ ಸುತ್ತ ಐದು ಜನ. ಒಬ್ಬ ಕಥೆ ನಡೆಸಬೇಕು, ಉಳಿದವರು ದೂರದ ಗ್ರಹಗಳವರಾಗಿ ದಾಳ ಉರುಳಿಸಬೇಕು. ಅದರಲ್ಲಿ ಮನುಷ್ಯರದೇ ರೂಪದ, ಹನ್ನೊಂದು ಅಡಿ ಎತ್ತರದ ಒಂದು ಜನಾಂಗವನ್ನು ನಾನೂ ನೀನೂ ಕೂಡಿ ಕಟ್ಟಿದೆವು. ಆಗ ಅವರಿಗೆ ಹೆಗ್ಗಾಲರು ಎಂಬ ಹೆಸರು ಬಂದಿರಲಿಲ್ಲ, ‘ದೊಡ್ಡವರು’ ಎನ್ನುತ್ತಿದ್ದೆವು. ನಾನು ನಮ್ಮಂಥ ಮನುಷ್ಯನನ್ನೇ ಹಿಗ್ಗಿಸಿ ಬರೆದು ತಂದಿದ್ದೆ. ನೀನು ನಕ್ಕು, “ಎತ್ತರ ಎರಡರಷ್ಟಾದ್ರ ತೂಕ ಎಂಟರಷ್ಟ ಆಗತೈತಿ. ನಿನ್ನ ದೊಡ್ಡ ಮನಷ್ಯಾ ನಿಂತಲ್ಲೇ ಮುರದು ಬೀಳ್ತಾನ” ಎಂದೆ. ಅವರ ಕಾಲನ್ನು ಕಂಬದಷ್ಟು ದಪ್ಪ ಮಾಡಿದವಳು ನೀನು. ಹೊಟ್ಟೆಯಲ್ಲಿ ಎರಡನೇ ಹೃದಯ ಇಟ್ಟವಳು ನೀನು. ಸಂಜೆಯಾದರೆ ಅವರ ಮೊಣಕಾಲು ನೋಯುತ್ತವೆ, ಒಬ್ಬರ ಕಾಲನ್ನು ಇನ್ನೊಬ್ಬರು ತಿಕ್ಕದೆ ಅವರ ಮನೆಯಲ್ಲಿ ಊಟವಿಲ್ಲ ಎಂದು ನೀನು ಒಂದು ಸಾಲು ಬರೆದಿದ್ದೆ. ಆ ಸಾಲನ್ನು ನಾನು ತೆಗೆದೆ. ಆಟ ನಿಧಾನವಾಗುತ್ತದೆ ಎಂದೆ. ಅದರ ಜಾಗದಲ್ಲಿ, ‘ಇವರಿಗೆ ನೋವು ತಡವಾಗಿ ತಿಳಿಯುತ್ತದೆ’ ಎಂದು ಬರೆದೆ.

ಆಮೇಲೆ ಅವರ ನಡಿಗೆ ಬರೆಯಬೇಕಾಯಿತು. ನಿನಗೆ ಹೇಳದೆ ಮೂರು ದಿನ ಮಾರ್ಕೆಟ್ ಯಾರ್ಡಿಗೆ ಹೋಗಿ ನಿನ್ನ ಅವ್ವನನ್ನು ನೋಡಿದೆ. ಆರಡಿಯ ಮೇಲೆ ಎರಡು ಬೆರಳು ಎತ್ತರ, ಗಂಡಾಳುಗಳ ಸರಿಸಮ ಶೇಂಗಾ ಚೀಲ ಹೊರುವ ಒಬ್ಬಳೇ ಹೆಂಗಸು. ನಾನು ಬರೆದುಕೊಳ್ಳುವುದನ್ನು ಅವರು ಕಂಡರು. “ಏನ ಬರ್ಯಾಕತ್ತೀ ತಮ್ಮಾ?” ಎಂದರು. ಹಮಾಲರ ಕಷ್ಟದ ಮೇಲೆ ಕರಪತ್ರ ಎಂದೆ. “ಹಂಗಾದ್ರ ಚೀಲಾ ಸಣ್ಣೂ ಮಾಡ್ರಿ ಅಂತ ಬರಿ. ಬೆನ್ನು ನಮ್ಮದು ಒಂದ ಐತಿ” ಎಂದರು. ಬರೀತೀನ್ರಿ ಎಂದೆ. ಅಷ್ಟರಲ್ಲಿ ಯಾರೋ ಹೇರುತ್ತಿದ್ದ ಲಾರಿಯನ್ನು ದೂರದಿಂದಲೇ ನೋಡಿ, “ಎಡಕ್ಕ ವಾಲತೈತ್ಲೇ, ಮುಂದಿನ ಎಂಟು ಚೀಲಾ ಬಲಕ್ಕ ಒಟ್ರಿ” ಎಂದು ಕೂಗಿದರು. ಎಲ್ಲರೂ ಹಾಗೆಯೇ ಮಾಡಿದರು. ಅದನ್ನು ನಾನು ಬರೆದುಕೊಳ್ಳಲಿಲ್ಲ. ಹೆಜ್ಜೆ ಮಾತ್ರ ಬರೆದುಕೊಂಡೆ.

ಕೊನೆಗೆ ಅಂಕಿಗಳು. ಬಲಕ್ಕೆ ಇಪ್ಪತ್ತಕ್ಕೆ ಇಪ್ಪತ್ತು ಕೊಟ್ಟೆ. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಬೇಕು, ಇಲ್ಲದಿದ್ದರೆ ಆಡುವವರೆಲ್ಲ ದೊಡ್ಡವರೇ ಆಗಲು ಹೊರಡುತ್ತಾರೆ. ವೇಗ ಕಡಿಮೆ ಮಾಡಬಹುದಿತ್ತು. ಹಸಿವು ಹೆಚ್ಚು ಮಾಡಬಹುದಿತ್ತು. ನನ್ನ ಕೈ ನೇರವಾಗಿ ಬುದ್ಧಿಯ ಮನೆಗೆ ಹೋಯಿತು. ‘ಹುಟ್ಟು ಯಾರ ಅಳತೆಗೋಲೂ ಅಲ್ಲ’ ಎಂದು ಕರಪತ್ರ ಬರೆದು ಬಸ್ ನಿಲ್ದಾಣದಲ್ಲಿ ಹಂಚಿದ್ದು ಇದೇ ಕೈ. ಹೊರುವವರಿಗೆ ಬುದ್ಧಿ ಕಡಿಮೆ ಎಂದು ನಾನು ಓದಿದ ಯಾವ ಕರಪತ್ರದಲ್ಲೂ ಇಲ್ಲ. ಓದು ಕಲಿಯುವ ಮೊದಲೇ ಅದನ್ನು ಕಲಿತಿದ್ದೆ ಎಂದು ಕಾಣುತ್ತದೆ.

ಆ ಭಾನುವಾರ ನಮ್ಮ ಪಡಸಾಲೆಯಲ್ಲಿ ನಡೆದದ್ದು ನಿನಗೆ ಗೊತ್ತು. ಆದರೂ ಬರೆಯುತ್ತೇನೆ, ನನ್ನ ಕೈಯಿಂದಲೇ ಬರಲಿ. ನೀನು ಹೆಗ್ಗಾಲಿಯಾಗಿ ಆಡುತ್ತಿದ್ದೆ. ನಮ್ಮ ಹಡಗು ಉಸುಕಿನ ಗ್ರಹದಲ್ಲಿ ಇಳಿದು ಒಂದು ಕಡೆ ವಾಲಿತ್ತು. ಸರಕನ್ನು ಇನ್ನೊಂದು ಬದಿಗೆ ಒಟ್ಟಿದರೆ ನೇರವಾಗುತ್ತದೆ ಎಂದು ನೀನು ಹೇಳಿದೆ. ಕಥೆ ನಡೆಸುತ್ತಿದ್ದ ನನಗೇ ಹೊಳೆಯದ ಉಪಾಯ. ಅದಕ್ಕೇ ಸಿಟ್ಟು ಬಂದಿರಬೇಕು. “ನಿನಗ ಅದು ಹೊಳಿಯಂಗಿಲ್ಲ, ನಿನ್ನ ಬುದ್ಧಿ ಆರು” ಎಂದೆ. ಖಲೀಲ, “ಏ ಹೆಗ್ಗಾಲಿ, ನೀ ಎತ್ತು ಅಷ್ಟ. ವಿಚಾರ ಮಾಡೂದು ನಮಗ ಬಿಡು” ಎಂದು ಕಿಚಾಯಿಸಿದ. ಅಂಕಿತಾ ಮೇಜು ಬಡಿದು ನಕ್ಕಳು. ನೀನೂ ನಕ್ಕೆ. ನಿನ್ನ ನಗೆ ನಡುವೆಯೇ ನಿಂತಾಗ ನಾನು ತಿರುಗಿ ನೋಡಿದೆ. ನಿನ್ನನ್ನು ಕರೆಯಲು ಬಂದ ಅವ್ವ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಿದ್ದರು.

“ಬುದ್ಧಿ ಆರಂತ? ಎಷ್ಟರಾಗ ಆರೋ? ಹತ್ತರಾಗೋ ನೂರರಾಗೋ?”

ಖಲೀಲ ನೆಲ ನೋಡುತ್ತ, “ಇಪ್ಪತ್ತರಾಗ್ರಿ” ಎಂದ.

“ಹಂಗಾದ್ರ ನಪಾಸ ಆದ್ರ ಬಿಡು ನಿಮ್ಮ ದೊಡ್ಡ ಮಂದಿ” ಎಂದು ಅವರೇ ನಕ್ಕರು. ಬೇರೆ ಯಾರೂ ನಗಲಿಲ್ಲ. “ಮಾರ್ಕ್ಸ್ ಕೊಟ್ಟ ಮಾಸ್ತರ ಯಾರು?”

ನಾನು “ಮಲ್ಲು ಬರದಾನ್ರಿ” ಎಂದೆ. ಪುಸ್ತಕ ಟೈಪ್ ಮಾಡಿದವನು ಅವನು, ಡಿಟಿಪಿ ಅಂಗಡಿಯವನು. ಸುಳ್ಳು ನಂಬುವಂತಿತ್ತು. ಬಾಯಿಗೆ ಆ ಜಾಣತನ ಎಲ್ಲಿಂದ ಬಂತೋ.

ಮಲ್ಲು ನನ್ನ ಮುಖ ನೋಡಿದ, ಮಾತಾಡಲಿಲ್ಲ. ನೀನು ಅವನಿಗೆ, “ನಮ್ಮವ್ವ ಬಡದ ರೊಟ್ಟಿ ತಿಂದು ಇದನ್ನ ಬರದೀ? ಇನ್ನ ನಮ್ಮ ಹೊಸ್ತಲಾ ತುಳೀಬ್ಯಾಡ” ಎಂದು ಹೇಳಿ ಎದ್ದು ಹೋದೆ. ತನ್ನ ಊರು ಅಂತೂರ ಬೆಂತೂರ ಬಿಟ್ಟು ಇಲ್ಲಿ ಒಂಟಿ ಕೋಣೆಯಲ್ಲಿರುವ ಅವನಿಗೆ ಎರಡು ವರ್ಷದಿಂದ ಮಧ್ಯಾಹ್ನದ ಊಟ ನಿಮ್ಮಲ್ಲೇ. ಈ ಊರಲ್ಲಿ ಅವನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದ ಮನೆ ಅದೊಂದೇ. ಈಗ ಚಹಾದಂಗಡಿಯ ಮುಂದೆ ನಿಂತು ಬನ್ ಅದ್ದಿ ತಿನ್ನುತ್ತಾನೆ. ಮಂಗಳವಾರ ನೋಡಿದೆ. ನೋಡಿ ದಾರಿ ಬದಲಿಸಿದೆ.

ನಿನ್ನೆ ಅವನ ಡಿಟಿಪಿ ಅಂಗಡಿಗೆ ಹೋಗಿ, ಅವತ್ತು ಯಾಕೆ ಸುಮ್ಮನಿದ್ದೆ, ನನ್ನ ಕಪಾಳಕ್ಕೆ ಹೊಡೆಯಬೇಕಿತ್ತಲ್ಲ ಎಂದೆ. ಅವನು ಕೀಲಿಮಣೆಯಿಂದ ಕೈ ತೆಗೆಯಲಿಲ್ಲ. “ನಾ ಬಾಯಿ ಬಿಟ್ಟಿದ್ರ ಇನ್ನೂ ಕೆಟ್ಟ ಆಗತಿತ್ತು. ಈಗ ಹೇಳಾವಿದ್ರ ಪೂರಾ ಹೇಳು. ಅರ್ಧ ಹೇಳಾವಿದ್ರ ಹೋಗಲೇ ಅತ್ತಾಗ” ಎಂದ.

ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕಿತ್ತು, ತಡೆದಿದ್ದೇನೆ. ಆರು ಅಳಿಸಿ ಹದಿನಾರು ಬರೆದರೆ ಸರಿಹೋಗುತ್ತದೆ ಎಂದು ಮೊದಲು ಅನ್ನಿಸಿತ್ತು. ಹೋಗುವುದಿಲ್ಲ. ಇಡೀ ಜನಾಂಗಕ್ಕೆ ಒಂದೇ ಬುದ್ಧಿ ಎಂದು ಬರೆದದ್ದೇ ತಪ್ಪು, ಅಂಕಿ ಎಷ್ಟಾದರೂ ಇರಲಿ. ನನ್ನನ್ನು ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಮಲ್ಲುವನ್ನು ಊಟಕ್ಕೆ ಕರೆ. ಕೇಳುವುದು ಇದೊಂದೇ.

ಇಷ್ಟು ದಿನ ನಿನ್ನ ಗೆಳೆಯನೆನಿಸಿಕೊಂಡ
ಸಂಜು

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲಿನದೆಲ್ಲ ಅರ್ಧವೇ. ಟೈಪ್ ಮಾಡಲು ನಾನು ಮಲ್ಲುವಿಗೆ ಕೊಟ್ಟ ಕೈಬರಹದ ಹಾಳೆಯಲ್ಲಿ ‘ಹೆಗ್ಗಾಲರು’ ಎಂಬ ಮಾತೇ ಇರಲಿಲ್ಲ. ಒಳ್ಳೆಯ ಹೆಸರು ಸಿಗುವವರೆಗೆ ಗುರುತಿಗಿರಲಿ ಎಂದು ನಿನ್ನ ಅವ್ವನ ಹೆಸರನ್ನೇ ಮೇಲೆ ಬರೆದಿದ್ದೆ: ಹನಮಂತವ್ವ. ಬಲ ಇಪ್ಪತ್ತು, ಬುದ್ಧಿ ಆರು. ಮಲ್ಲು ಅದನ್ನು ಓದಿ, ನನಗೆ ಏನೂ ಅನ್ನದೆ, ತಾನೇ ಹೆಗ್ಗಾಲರು ಎಂದು ಹೆಸರಿಟ್ಟು ಟೈಪ್ ಮಾಡಿದ. ಹೆಸರು ಚೆನ್ನಾಗಿದೆ ಎಂದು ನೀವೆಲ್ಲ ನನ್ನನ್ನು ಹೊಗಳಿದಿರಿ, ಹೊಗಳಿಸಿಕೊಂಡೆ. ಅವತ್ತು ಅವನು ‘ಬರೆದದ್ದು ನಾನಲ್ಲ’ ಎಂದಿದ್ದರೆ ನಿನ್ನ ಅವ್ವನ ಎದುರಿಗೇ ಆ ಹಾಳೆ ತೆಗೆಯಬೇಕಾಗುತ್ತಿತ್ತು. ಅದಕ್ಕೇ ತೆಗೆಯಲಿಲ್ಲ. ನಿನ್ನೆ ಅದನ್ನು ನನ್ನ ಕೈಗೆ ಕೊಟ್ಟ. ನಾನು ಅದನ್ನು ನಿನಗೆ ಕೊಡುತ್ತೇನೆ. ಅವ್ವನಿಗೆ ತಿಳಿಸುವುದು ಬಿಡುವುದು ನಿನ್ನದು, ತಿಳಿಸುವುದಾದರೆ ಅವರೆದುರು ಆ ಹಾಳೆ ಓದುವ ಕೆಲಸ ನನ್ನದು. ಭಾನುವಾರ, 23ನೇ ತಾರೀಕು, ಬೆಳಿಗ್ಗೆ ಹತ್ತು ಗಂಟೆಗೆ ನಿಮ್ಮ ಬಾಗಿಲ ಹೊರಗೆ ನಿಂತಿರುತ್ತೇನೆ.